ಹದಿನಾಲ್ಕು ಮಣಿಯಷ್ಟು ಹೊತ್ತು

ಫೋನು ಬಂದಾಗ ನಾನು ಹುರಿದ ಶೇಂಗಾದ ಸಿಪ್ಪೆ ತೆಗೆಯುತ್ತ ಕೂತಿದ್ದೆ. ಅಂಗೈಯಲ್ಲಿ ಹಾಕಿ ತಿಕ್ಕುವುದು, ಮೊರಕ್ಕೆ ಸುರಿದು ಕೇರುವುದು, ಕೆಂಪು ಸಿಪ್ಪೆಯನ್ನು ಬಾಗಿಲ ಕಡೆಗೆ ಹಾರಿಸುವುದು. ಸಪ್ಪಳ ಇಲ್ಲದ ಕೆಲಸ. ನಮ್ಮ ಮನೆಯವರು ಡೀಸೆಲ್ ಟ್ಯಾಂಕರ್ ಓಡಿಸುವವರು. ರಾತ್ರಿ ಗಾಡಿ, ಹಗಲು ನಿದ್ದೆ. ಇಪ್ಪತ್ತೆರಡು ವರ್ಷ ಅವರ ಜೊತೆ ಸಂಸಾರ ಮಾಡಿದ ಮೇಲೆ ನನಗೆ ಮನೆಗೆಲಸದಲ್ಲಿ ಎರಡೇ ಜಾತಿ ಕಾಣುತ್ತವೆ: ಸಪ್ಪಳದ್ದು, ಸಪ್ಪಳ ಇಲ್ಲದ್ದು. ಅವರು ಮಲಗಿದ್ದಾಗ ಮೆಂತ್ಯ ಸೋಸುವುದು, ಅಕ್ಕಿ ಆರಿಸುವುದು, ಅಂಗಿಗೆ ಗುಂಡಿ ಹಚ್ಚುವುದು. ಅವರು ಡ್ಯೂಟಿಗೆ ಹೋದ ಮೇಲೆ ಕುಕ್ಕರು, ಮಿಕ್ಸರು, ರೊಟ್ಟಿ ಬಡಿಯುವುದು. ಅಂದು ಅವರು ಮನೆಯಲ್ಲಿರಲಿಲ್ಲ, ಆದರೂ ರೂಢಿಗೆ ಬಿದ್ದ ಕೈ ಸಪ್ಪಳ ಇಲ್ಲದ್ದನ್ನೇ ಹುಡುಕಿಕೊಂಡಿತ್ತು.

ದೀಪ ಹಚ್ಚುವ ಹೊತ್ತು. ಅಷ್ಟೊತ್ತಿಗೆ ಅವರು ಟ್ಯಾಂಕರ್ ತುಂಬಿಸಿಕೊಂಡು, ಪುಣೆಯ ನಮ್ಮ ಕಾತ್ರಜದ ಸುರಂಗ ದಾಟಿ, ಸಾತಾರಾ ದಾರಿಗೆ ಬಿದ್ದಿರಬೇಕಿತ್ತು.

"ಕೀಲಿ ಇಸ್ಕೊಂಡ್ರು" ಅಂದರು.

"ಯಾರ್ರೀ? ಪೊಲೀಸರಾ?"

"ಪೊಲೀಸರಾಗಿದ್ರ ಚಲೋ ಇತ್ತು, ದಂಡ ಕಟ್ಟಿ ಮುಂದ ಹೋಗತಿದ್ದೆ. ಕಂಪನಿಯವರು. ಕುತ್ತಗಿ ಅಳತಿ ತಗೊಂಡ್ರು, ತೂಕ ಮಾಡಿದ್ರು, ಕೀಲಿ ಇಸ್ಕೊಂಡ್ರು. ಮನೀಗೆ ಬರಾಕತ್ತೀನಿ."

ಕುತ್ತಿಗೆಯ ಅಳತೆಗೂ ಗಾಡಿಯ ಕೀಲಿಗೂ ಏನು ಸಂಬಂಧ ಅಂತ ನಾನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಮೊರ ಬದಿಗಿಟ್ಟು ದೇವರ ಮಾಡದ ಮುಂದೆ ಕೂತೆ. ದೇವರ ಹತ್ತಿರ ಏನಾದರೂ ಬೇಡುವ ಮೊದಲು ಅವತ್ತು ಸಿಕ್ಕದ್ದನ್ನು ಹೇಳಬೇಕು ಅನ್ನುವುದು ನಮ್ಮವ್ವ ಕಲಿಸಿದ ರೂಢಿ. ನೀರು ಬಂತು, ಗ್ಯಾಸು ಮುಗಿಯಲಿಲ್ಲ, ಇವರು ಮನೆ ಮುಟ್ಟಿದರು, ಇಂಥವೇ. ಅವತ್ತು ನನ್ನ ಬಾಯಿಂದ ಬಂದದ್ದು ಹೀಗೆ: ಕೀಲಿ ತಗೊಂಡದ್ದು ಕಂಪನಿ, ಶಿವನೇ, ಹೆದ್ದಾರಿ ಅಲ್ಲ. ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಗಂಡನ ಕೈಯ ಅನ್ನ ಹೋದ ದಿನ ಯಾವ ಹೆಂಗಸು ಹೀಗೆ ಉಪಕಾರ ನೆನೆಯುತ್ತಾಳೆ?

ಬಂದು ಕೂತು, ಚಹಾ ಕುಡಿದ ಮೇಲೆ ಎಲ್ಲಾ ಹೇಳಿದರು. ಇವರ ಕಂಪನಿ ಯಾರ ಎಣ್ಣೆ ಸಾಗಿಸುತ್ತದೋ ಆ ದೊಡ್ಡ ಕಂಪನಿಯವರು ಡ್ರೈವರುಗಳಿಗೆ ಹೊಸ ನಿಯಮ ಮಾಡಿದ್ದಾರೆ. ಕುತ್ತಿಗೆ ದಪ್ಪ, ಮೈಭಾರ ಹೆಚ್ಚು ಇದ್ದವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ರೋಗ ಇರಬಹುದು. ಅಂಥವರಿಗೆ ಎಷ್ಟು ಮಲಗಿದರೂ ನಿದ್ದೆ ಆಗುವುದಿಲ್ಲ, ಸ್ಟೇರಿಂಗ್ ಹಿಡಿದಲ್ಲೇ ತೂಕಡಿಸುತ್ತಾರೆ. ಅದಕ್ಕೆ ಎರಡು ಷರತ್ತು. ನೂರಾ ನಾಲ್ಕು ಕಿಲೋ ಇದ್ದ ಇವರು ತೊಂಬತ್ತೈದಕ್ಕೆ ಬರಬೇಕು. ನಿದ್ದೆಯ ಪರೀಕ್ಷೆ ಪಾಸಾಗಬೇಕು. ಅಲ್ಲಿಯ ತನಕ ಕೀಲಿ ಇಲ್ಲ.

"ಜಂಪರ್ ಹೊಲಿಯಾವ್ರು ಟೇಪ್ ಹಿಡಿದಂಗ ಹಿಡದ್ರು. ಹದಿನೆಂಟ್ ಇಂಚು. ಎತ್ತಿನ ಕುತ್ತಗಿ ಅದ ಕಾಕಾ ಅಂತ ಆ ನರ್ಸ್ ಹುಡುಗಿ ನಕ್ಕಳು. ಕುತ್ತಗಿ ದಪ್ಪ ಅಂತ ಎತ್ತಿಗೆ ಯಾರರ ನೊಗ ತಪ್ಪಿಸ್ತಾರೇನವ್ವ ಅಂದೆ."

ಅಂದು ಕಂಪನಿಗೆ ಅವರ ಕುತ್ತಿಗೆಯ ಅಳತೆ ಗೊತ್ತಾಯಿತು. ಅವರ ಉಸಿರಿನ ಅಳತೆ ನನಗೆ ಆರು ವರ್ಷದಿಂದ ಗೊತ್ತಿತ್ತು.

ನಮ್ಮದು ಎರಡು ಖೋಲಿಯ ಮನೆ. ಹೊರಗಿನ ಖೋಲಿಯಲ್ಲಿ ಅವರ ಮಂಚ, ಅದೇ ಗೋಡೆಯಲ್ಲಿ ದೇವರ ಮಾಡ. ಬೆಳಗ್ಗೆ ಎಂಟಕ್ಕೆ ಬಂದು, ಸ್ನಾನ ಮಾಡಿ, ಉಂಡು ಮಲಗುತ್ತಿದ್ದರು. ನಾನು ಲಿಂಗಪೂಜೆ ಮುಗಿಸಿ, ರುದ್ರಾಕ್ಷಿ ಸರ ಹಿಡಿದು ಅಲ್ಲೇ ಗೋಡೆಗೆ ಒರಗಿ ಕೂರುತ್ತಿದ್ದೆ. ಗೊರಕೆ ಅಂದರೆ ಘಾಟು ಹತ್ತುವ ಲಾರಿಯ ಹಾಗೆ. ಅದರ ಸಪ್ಪಳಕ್ಕೆ ನಾನು ಹೆದರಿದವಳಲ್ಲ. ಅದು ನಿಂತಾಗ ಹೆದರಿದೆ. ನಡುವೆಯೇ ಗಪ್ಪಂತ ನಿಂತುಬಿಡುತ್ತಿತ್ತು. ಎದೆ ಎಳೆಯುತ್ತಿತ್ತು, ಹೊಟ್ಟೆ ಎಳೆಯುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಆಮೇಲೆ ಮುಳುಗಿದವರು ಮೇಲೆ ಬಂದ ಹಾಗೆ ದೊಡ್ಡದೊಂದು ಉಸಿರು, ಮತ್ತೆ ಗೊರಕೆ. ಮೊದಲ ಸಲ ನೋಡಿದಾಗ ಸರ ಬಿಸುಟು ಎಬ್ಬಿಸಿದೆ. ಬೈದರು. "ರಾತ್ರಿ ಎಲ್ಲಾ ಗಾಡಿ ಹೊಡದು ಬಂದೀನಿ, ನಿನಗ ನನ್ನ ನಿದ್ದಿ ಕೆಡಸೂದ ಒಂದು ಪೂಜಾ ಆಗೇದ?" ಅಂದರು.

ಆಮೇಲೆ ಎಬ್ಬಿಸುವುದು ಬಿಟ್ಟು ಎಣಿಸತೊಡಗಿದೆ. ಉಸಿರು ನಿಂತ ಕೂಡಲೇ ಒಂದು ನಮಃ ಶಿವಾಯ, ಒಂದು ಮಣಿ. ಮೊದಲ ವರ್ಷ ಐದು, ಆರು. ಆಮೇಲೆ ಒಂಬತ್ತಾಯಿತು. ಕೀಲಿ ಹೋದ ವರ್ಷ ಹದಿನಾಲ್ಕಕ್ಕೆ ಬಂದು ನಿಂತಿತ್ತು. ಇಪ್ಪತ್ತಾದರೆ ಬೈದರೂ ಬೈಯಲಿ, ಎಬ್ಬಿಸಿಯೇ ತೀರುವುದು ಅಂತ ಮನಸ್ಸಿನಲ್ಲಿ ಗೆರೆ ಹಾಕಿಕೊಂಡಿದ್ದೆ. ಅವರಿಗೂ ಹೇಳಿದ್ದೆ. "ನೀ ದೇವರನ್ನ ಎಣಸ್ತಿಯೋ, ನನ್ನ ಎಣಸ್ತಿಯೋ?" ಅಂತ ನಕ್ಕಿದ್ದರು.

ನಾನು ನಗಲಿಲ್ಲ. ಯಾಕಂದರೆ ಅದರ ಹಿಂದಿನ ವಾರವೇ ಅವರ ಸ್ಕೂಟರಿನ ಹಿಂದೆ ಕೂತು ಸಂತೆಗೆ ಹೊರಟಿದ್ದೆ. ಕಾತ್ರಜ ಚೌಕದ ಸಿಗ್ನಲ್ ಬಿತ್ತು. ಕಾಲೂರಿ ನಿಂತರು. ಹಸಿರು ಬಂತು, ಹಿಂದಿನವರು ಹಾರ್ನ್ ಹೊಡೆದರು, ನಾವು ಕದಲಲಿಲ್ಲ. ಬಗ್ಗಿ ನೋಡಿದರೆ ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ. ಹಗಲು ಹನ್ನೊಂದು ಗಂಟೆ, ನಾಲ್ಕೂ ಕಡೆಯಿಂದ ಹಾರ್ನು, ನಡುವೆ ನಿಂತುಕೊಂಡೇ ನಿದ್ದೆ. ಬೆನ್ನಿಗೆ ಚಿವುಟಿದೆ. "ಬಿಸಿಲಿಗೆ ಕಣ್ ಮುಚ್ಚಿದ್ದೆ" ಅಂದರು. ಬೆಂಕಿ ಹೊತ್ತ ಹಾಗೆ ತುಂಬಿದ ಡೀಸೆಲ್ ಟ್ಯಾಂಕರ್ ಓಡಿಸಿಕೊಂಡು ಘಾಟು ಇಳಿಯುವ ಮನುಷ್ಯ. ಅಂದಿನಿಂದ ಅವರು ಡ್ಯೂಟಿಗೆ ಹೋದ ರಾತ್ರಿ ನನಗೂ ನಿದ್ದೆ ಇಲ್ಲ.

ತೂಕ ಇಳಿಸುವುದನ್ನು ನನಗೆ ಬಿಡಿ ಅಂದೆ. ಅಡಿಗೆಮನೆ ನನ್ನದು, ದೇವರು ನನ್ನವನು, ಎರಡೂ ಸೇರಿದರೆ ಉಪವಾಸ. ನಾವು ಇಂಡಿ ಕಡೆಯವರು, ಹುಟ್ಟಿನಿಂದ ಸೋಮವಾರ ಹಿಡಿದವರು. ಪುಣೆಗೆ ಬಂದ ಮೇಲೆ ಓಣಿಯ ಮರಾಠಿ ಹೆಂಗಸರ ಸಂಗಡ ಚತುರ್ಥಿ, ಏಕಾದಶಿಯೂ ನಮ್ಮವೇ ಆಗಿದ್ದವು. ನಮ್ಮ ಮನೆಯವರಿಗೆ ಮಾತ್ರ ಇದ್ಯಾವುದೂ ಇರಲಿಲ್ಲ. ಆ ತಿಂಗಳು ಎಲ್ಲಾ ಹಿಡಿಸಿದೆ. ಸಾಲದು ಅಂತ ಗುರುವಾರ, ಶನಿವಾರ ಸೇರಿಸಿದೆ. ಅವರು ಕೀಲಿಯ ಆಸೆಗೆ ಒಂದು ಮಾತಾಡದೆ ಮಾಡಿದರು. ರೊಟ್ಟಿ ಮುಟ್ಟಲಿಲ್ಲ, ಅನ್ನ ಮುಟ್ಟಲಿಲ್ಲ. ನನ್ನ ಕಣ್ಣಿಗೆ ಅವರ ಮುಖ ಸಣ್ಣಗಾದ ಹಾಗೆಯೂ ಕಂಡಿತು.

ತಿಂಗಳ ಕೊನೆಗೆ ಕಂಪನಿಯ ದವಾಖಾನೆಗೆ ನಾನೂ ಹೋದೆ. ಅದೇ ನರ್ಸ್ ಹುಡುಗಿ. ಕಾಟಾದ ಮೇಲೆ ನಿಲ್ಲಿಸಿದಳು. ನೂರಾ ಆರು.

ಇಳಿಸಿ, ಚಪ್ಪಲಿ ಬಿಡಿಸಿ, ಕಿಸೆಯ ಮೊಬೈಲು ತೆಗೆಸಿ ಮತ್ತೆ ನಿಲ್ಲಿಸಿದಳು. ನೂರಾ ಆರೇ. ನನ್ನ ಕಡೆ ತಿರುಗಿ, ಕಾಕಾ ಏನು ತಿನ್ನುತ್ತಾರೆ ಅಂತ ಮರಾಠಿಯಲ್ಲಿ ಕೇಳಿದಳು. ನಾನು ಅಭಿಮಾನದಿಂದಲೇ ಹೇಳಿದೆ. ವಾರಕ್ಕೆ ಮೂರು ನಾಲ್ಕು ದಿನ ಉಪವಾಸ. ಕಾಳಿಲ್ಲ, ಕಡಿಯಿಲ್ಲ. ಬರೀ ಸಾಬೂದಾಣಿ ಖಿಚಡಿ, ಶೇಂಗಾಪುಡಿ ಹಾಕಿ ತುಪ್ಪದಲ್ಲಿ ಮಾಡಿದ್ದು. ಕರಿದ ಬಟಾಟೆ. ರಾಜಗಿರಿ ಲಾಡು. ಸಂಜೆಗೆ ಖರ್ಜೂರ, ಕೆನೆಹಾಲು.

ಹುಡುಗಿ ಪೆನ್ನು ಕೆಳಗಿಟ್ಟಳು. "ಕಾಕು, ಹಾ ಉಪಾಸ ಆಹೇ ಕೀ ಲಗ್ನ?" ಅಂದಳು. ಇದು ಉಪವಾಸವೋ, ಮದುವೆಯೋ ಅಂತ. ನಮ್ಮ ಮನೆಯವರು ಪಾಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು, ಅವರಿಗೂ ನಗು ತಡೆಯಲಿಲ್ಲ. "ದೇವರಿಗೆ ಬಿಟ್ಟೀನಂತ ನನ್ನ ಹೋರಿ ಮಾಡ್ಯಾಳ್ರೀ" ಅಂದರು. ಬಸ್ಸಿನಲ್ಲಿ ಬರುವಾಗ ನಗು ಇಳಿದಿತ್ತು. ಫೋನು ಬಂದ ಸಂಜೆ ನಾನು ಸಿಪ್ಪೆ ತೆಗೆಯುತ್ತಿದ್ದ ಆ ಶೇಂಗಾ ಎಲ್ಲಾ ಅವರ ಹೊಟ್ಟೆಗೇ ಹೋಗಿತ್ತು. ಒಂದು ತಿಂಗಳು ದಂಡ, ಅದೂ ನನ್ನ ಕೈಯಿಂದ.

ಮರುದಿನದಿಂದ ಎರಡು ಜೋಳದ ರೊಟ್ಟಿ, ಪಲ್ಯ, ಬೇಳೆ. ಅಷ್ಟೇ. ಶೇಂಗಾದ ಡಬ್ಬಿ ಮೇಲಿನ ಹಲಗೆಗೆ ಹೋಯಿತು.

ನಿದ್ದೆಯ ಪರೀಕ್ಷೆ ಮನೆಯಲ್ಲೇ ಆಯಿತು. ಕೀಲಿ ಹೋದರೂ ಇವರ ನಿದ್ದೆ ಹಗಲಿನದೇ, ಅದಕ್ಕೆ ನರ್ಸ್ ಹುಡುಗಿ ಬೆಳಗ್ಗೆ ಬಂದು ಎದೆಗೆ ಪಟ್ಟಿ ಕಟ್ಟಿ, ಮೂಗಿಗೆ ಸಣ್ಣ ನಳಿಕೆ ಹಚ್ಚಿ, ಬೆರಳಿಗೆ ಚಿಮುಟ ಹಾಕಿ ಹೋದಳು. ಮಧ್ಯಾಹ್ನ ಮೂರಕ್ಕೆ ಬಂದು ಬಿಚ್ಚುತ್ತೇನೆ, ಆರಾಮಾಗಿ ಮಲಗಲಿ ಅಂದಳು.

ಅವರು ಗೋಡೆಗೆ ಮುಖ ಮಾಡಿ ಮಲಗಿದರು. ನಾನು ಸರ ಹಿಡಿದು ಕೂತೆ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಗೊರಕೆ ಇಲ್ಲ. ಉಸಿರು ಸಣ್ಣ ಕೂಸಿನದರ ಹಾಗೆ ಸಮ. ಆರು ವರ್ಷದಲ್ಲಿ ಅಂಥ ಶಾಂತ ನಿದ್ದೆ ನಾನು ನೋಡಿದ್ದಿಲ್ಲ. ಶಿವ ಕಣ್ಣು ತೆರೆದ ಅಂತ ಅಂದುಕೊಂಡೆ. ಆಮೇಲೆ ಅವರ ಹೆಬ್ಬೆರಳು ನೋಡಿದೆ. ಹಾಸಿಗೆಯ ಅಂಚನ್ನು ಒಂದೇ ಸಮನೆ ತಿಕ್ಕುತ್ತಿತ್ತು. ಎದ್ದಿದ್ದರು. ಕಣ್ಣು ಮುಚ್ಚಿಕೊಂಡು, ಪೂರಾ ಆರು ತಾಸು, ಯಂತ್ರಕ್ಕೆ ಎಚ್ಚರದ ಉಸಿರು ಕೊಡುತ್ತ ಮಲಗಿದ್ದರು. ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಗೇರು ಬದಲಿಸುವುದು ಕೇಳುತ್ತಿತ್ತು. ನನ್ನ ಕೈಯಲ್ಲಿ ಸರ ನಿಂತಲ್ಲೇ ನಿಂತಿತ್ತು.

ಎರಡೂವರೆಗೆ ತಿರುಗಿ ನನ್ನನ್ನು ನೋಡಿದರು. "ಆಕಿ ಬಂದ್ ಮ್ಯಾಲ ನಿನಗೂ ಎರಡು ಮಾತು ಕೇಳ್ತಾಳ. ಜೋಡಿ ಮಲಗವ್ರನ್ನ ಕೇಳ್ತಾರಂತ. ಗೊರಕಿ ಹೊಡಿತಾರ ಅನ್ನು, ಎಲ್ಲಾರೂ ಹೊಡಿತಾರ. ಉಳದದ್ದು ಗೊತ್ತಿಲ್ಲ ಅನ್ನು."

"ಗೊತ್ತದಲ್ರಿ" ಅಂದೆ.

"ನನಗ ಐವತ್ತೊಂದು. ಸ್ಟೇರಿಂಗ್ ಬಿಟ್ರ ನನ್ನ ಕೈಗೆ ಬ್ಯಾರೆ ಏನ್ ಬರ್ತದ, ಹೇಳು. ಗೊತ್ತಿಲ್ಲ ಅನ್ನು. ಇಷ್ಟ ಕೇಳ್ತೀನಿ."

ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನ ಹತ್ತಿರ ಏನನ್ನೂ ಹಾಗೆ ಬೇಡಿದವರಲ್ಲ. ಮಾಡು ಅಂತಿದ್ದರು, ಮಾಡುತ್ತಿದ್ದೆ.

ಹುಡುಗಿ ಬಂದು ಪಟ್ಟಿ ಬಿಚ್ಚಿ, ಯಂತ್ರದ ಸಣ್ಣ ಪರದೆ ನೋಡಿದಳು. ಚಲೋ ಬಂದಿದೆ ಕಾಕಾ, ಡಾಕ್ಟರು ನೋಡಬೇಕು, ಆದರೆ ತೊಂದರೆ ಕಾಣುವುದಿಲ್ಲ ಅಂದಳು. ಅವರ ಹೆಗಲು ಕೆಳಗಿಳಿದದ್ದು ನನಗೆ ಕಂಡಿತು. ಆಕೆ ಹಾಳೆ ತೆಗೆದು ನನ್ನ ಎದುರು ನೆಲದ ಮೇಲೆಯೇ ಕೂತಳು. ಗೊರಕೆ ಹೊಡೆಯುತ್ತಾರಾ? ಹೌದು. ಹಗಲು ತೂಕಡಿಸುತ್ತಾರಾ? ನಾನು ಅವರ ಕಡೆ ನೋಡಿದೆ. ಅವರು ಕಿಟಕಿಯ ಕಡೆ ನೋಡಿದರು. ಡ್ರೈವರ್ ಅಲ್ಲೇನವ್ವ, ದಣಿವು ಇರ್ತದ ಅಂದೆ. ಬರೆದುಕೊಂಡಳು.

ನಿದ್ದೆಯಲ್ಲಿ ಉಸಿರು ನಿಲ್ಲುವುದನ್ನು ನೋಡಿದ್ದೀರಾ?

ಗೊತ್ತಿಲ್ಲ ಅನ್ನಬೇಕಿತ್ತು. ಅದು ಮೂರಕ್ಷರದ ಮಾತು. ನಾನು ದೊಡ್ಡ ಸತ್ಯವಂತೆಯೇನಲ್ಲ. ಮಾವನಿಗೆ, ನೆಂಟರಿಗೆ, ಭಿಕ್ಷೆಗೆ ಬಂದವರಿಗೆ ಎಷ್ಟೋ ಸುಳ್ಳು ಹೇಳಿದ್ದೇನೆ. ಆದರೆ ಕೈಯಲ್ಲಿ ಆ ಸರ ಇತ್ತು. ಅದೇ ಮಣಿ ಹಿಡಿದು ಅವರ ಉಸಿರು ಬರಲಿ ಅಂತ ಬೇಡಿ, ಅದೇ ಮಣಿ ಹಿಡಿದು ಉಸಿರು ನಿಂತದ್ದೇ ಇಲ್ಲ ಅಂದರೆ, ಆಮೇಲೆ ಯಾವುದನ್ನು ಹಿಡಿದು ಬೇಡುವುದು?

"ನಿಲ್ತದ" ಅಂದೆ. ಕನ್ನಡದಲ್ಲೇ ಬಂತು. ಆಮೇಲೆ ಮರಾಠಿಯಲ್ಲಿ ಹೇಳಿದೆ.

ಎಷ್ಟು ಹೊತ್ತು?

"ಹದಿನಾಲ್ಕು ಮಣಿ."

ಆಕೆಗೆ ತಿಳಿಯಲಿಲ್ಲ. ಸರ ತೋರಿಸಿದೆ. ಎಣಿಸಿ ತೋರಿಸಿ ಕಾಕು ಅಂತ ಕೈಗಡಿಯಾರ ಹಿಡಿದಳು. ನಾನು ಯಾವಾಗಲೂ ಎಣಿಸುವ ಹಾಗೆ, ಅವಸರ ಮಾಡದೆ, ನಮಃ ಶಿವಾಯ ಅನ್ನುತ್ತ ಒಂದೊಂದೇ ಮಣಿ ಸರಿಸಿದೆ. ಎಂಟು ಆಗುವಾಗಲೇ ಆಕೆ ಹಾಳೆ ಕೆಳಗಿಟ್ಟಿದ್ದಳು. ಹದಿನಾಲ್ಕಕ್ಕೆ ನಿಲ್ಲಿಸಿದೆ. ಮೂವತ್ತು ಸೆಕೆಂಡಿಗೆ ಒಂದೆರಡು ಕಡಿಮೆ ಅಂದಳು. ಒಂದು ನಿದ್ದೆಯಲ್ಲಿ ಇಂಥವು ಎಷ್ಟು ಸಲ ಅಂತ ಕೇಳಿದಳು. ಅದನ್ನು ನಾನು ಎಣಿಸಿದವಳಲ್ಲ. ಸರದ ಮಣಿ ಸಾಲುವುದಿಲ್ಲ ಅಂದೆ.

ಅವರು ಎದ್ದು ಅಡಿಗೆಮನೆಗೆ ಹೋಗಿ ನೀರು ಕುಡಿದರು. ಲೋಟ ಕಲ್ಲಿನ ಮೇಲೆ ಇಟ್ಟ ಸಪ್ಪಳ ನನಗೆ ಇವತ್ತಿಗೂ ನೆನಪಿದೆ.

ದೊಡ್ಡ ದವಾಖಾನೆಯಲ್ಲಿ ಒಂದು ರಾತ್ರಿ ಮಲಗಿಸಿ ಮತ್ತೆ ಪರೀಕ್ಷೆ ಮಾಡಿದರು. ಅಲ್ಲಿ ತಲೆಗೂ ವಾಯರ್ ಹಚ್ಚುತ್ತಾರಂತೆ, ಎದ್ದಿದ್ದರೆ ತಿಳಿಯುತ್ತದಂತೆ. ರೋಗ ಇದೆ, ಜೋರಾಗಿಯೇ ಇದೆ ಅಂತ ಬರೆದು ಕೊಟ್ಟರು. ಮಲಗಿದಾಗಲೆಲ್ಲ ಮೂಗಿಗೆ ಮುಖವಾಡ ಕಟ್ಟಿ, ಗಾಳಿ ಒತ್ತುವ ಯಂತ್ರ ಹಚ್ಚಿಕೊಳ್ಳಬೇಕು. ಮೂರು ತಿಂಗಳು ಯಂತ್ರ ಹಚ್ಚಿದ್ದು ಅದರೊಳಗೇ ದಾಖಲಾಗುತ್ತದೆ, ಅದನ್ನು ನೋಡಿ ಮುಂದಿನ ಮಾತು. ಯಂತ್ರ ಕಂಪನಿಯೇ ಕೊಟ್ಟಿತು. ಅದನ್ನು ಅಂದು ದೇವರ ಮುಂದೆ ಉಪಕಾರದಲ್ಲಿ ಹೇಳಿದೆ. ಕೆಲಸದಿಂದ ತೆಗೆಯಲಿಲ್ಲ, ಅದನ್ನೂ ಹೇಳಿದೆ. ಗಾಡಿ ನಿಲ್ಲುವ ಅಂಗಳದ ಗೇಟಿನಲ್ಲಿ ರಾತ್ರಿ ಪಾಳಿಗೆ ಕೂರಿಸಿದರು. ಹೋಗುವ ಬರುವ ಟ್ಯಾಂಕರುಗಳ ನಂಬರ್ ಬರೆಯುವ ಕೆಲಸ. ಅವರ ಗಾಡಿ ಬೇರೆಯವರ ಕೈಯಲ್ಲಿ ಹೊರಡುತ್ತಿತ್ತು, ಅದರ ನಂಬರನ್ನೂ ಅವರೇ ಬರೆಯಬೇಕಿತ್ತು.

ನನ್ನ ಜೊತೆ ಮಾತು ಬಿಟ್ಟರು. ಜಗಳ ಆಡಿದ್ದರೆ ಬೇಕಿತ್ತು. ಒಂದೇ ಒಂದು ಸಲ, ಅದೂ ಗೋಡೆಗೆ ಹೇಳಿದ ಹಾಗೆ ಅಂದರು: "ಉಪಾಸ ಮಾಡಿಸಿ ತೂಕ ಏರಿಸಿದ್ಲು, ಜಪಾ ಮಾಡಿ ಕೀಲಿ ಕಳದ್ಲು." ಆಮೇಲೆ "ಚಾ ಆದ್ರ ಚಾ", "ಟಾವೆಲ್", ಇಷ್ಟೇ. ಎರಡು ಖೋಲಿಯ ಮನೆಯಲ್ಲಿ ಮಾತಿಲ್ಲದ ಮನುಷ್ಯನಿಂದ ಎಲ್ಲಿ ತಪ್ಪಿಸಿಕೊಳ್ಳುವುದು? ಅಡಿಗೆಮನೆಯಿಂದ ನೀರಿಗೆ ಹೋಗಬೇಕಾದರೂ ಅವರ ಮಂಚ ದಾಟಬೇಕು. ಹೊರಗೆ ಹೆದ್ದಾರಿಯಲ್ಲಿ ಗಾಡಿ ಹೋದರೆ ಕಿವಿ ಕೊಡುತ್ತಿದ್ದರು. "ತುಂಬಿದ್ದು" ಅನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ "ಖಾಲಿ". ಅದನ್ನೂ ನನಗೆ ಹೇಳುತ್ತಿರಲಿಲ್ಲ.

ಆದರೆ ಮುಖವಾಡದ ಪಟ್ಟಿ ತಲೆಯ ಹಿಂದೆ ಕಟ್ಟಬೇಕು. ಎಷ್ಟೋ ವರ್ಷ ಸ್ಟೇರಿಂಗ್ ಹಿಡಿದು ಅವರ ಬಲ ರಟ್ಟೆ ಹಿಂದೆ ಹೋಗುವುದಿಲ್ಲ. ಹಾಗಾಗಿ ಪ್ರತಿದಿನ ಬೆಳಗ್ಗೆ, ಸ್ನಾನ ಊಟ ಆದ ಮೇಲೆ, ಮಂಚದ ಮೇಲೆ ಕೂತು ಕುತ್ತಿಗೆ ಬಗ್ಗಿಸುತ್ತಿದ್ದರು. ನಾನು ಬಂದು ಕಟ್ಟುತ್ತಿದ್ದೆ. ಬಿಗಿ ಆಯಿತಾ ಅಂತ ನಾನೂ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಹೆಚ್ಚಾದರೆ ಎರಡು ಬೆರಳು ಎತ್ತಿ ಸಡಿಲಿಸು ಅಂತ ತೋರಿಸುತ್ತಿದ್ದರು. ತಪ್ಪು ಮಾಡಿದೆನಾ ಅಂತ ಆ ಹೊತ್ತಿನಲ್ಲೇ ನನಗೆ ಹೆಚ್ಚು ಅನಿಸುತ್ತಿತ್ತು, ಎದುರಿಗೆ ಆ ದಪ್ಪ ಕುತ್ತಿಗೆ ಬಗ್ಗಿ ಕೂತಾಗ. ಅವರು ನೊಗ ಕೇಳಿದರೆ ನಾನು ಬೇರೆ ಏನನ್ನೋ ಕಟ್ಟುತ್ತಿದ್ದೆ.

ಮೂರನೆಯ ತಿಂಗಳು ದವಾಖಾನೆಗೆ ಒಬ್ಬರೇ ಹೋದರು. ಪಾಳಿ ಮುಗಿಸಿ ಹಾಗೇ ಹೋದವರು, ಬಂದಾಗ ಬೆಳಗಿನ ಹತ್ತು ಗಂಟೆ. ಚಪ್ಪಲಿ ಬಿಟ್ಟು ಒಳಗೆ ಬಂದು, ನನ್ನ ಮುಖ ನೋಡಿಯೇ ಹೇಳಿದರು.

"ಯಂತ್ರದ್ದು ಪಾಸಾತು. ಡಾಕ್ಟರ್ ಸಹಿ ಮಾಡಿದ್ರು. ತೂಕ ತೊಂಬತ್ತೇಳು."

"ಎರಡು ಕಿಲೋ ಸಲುವಾಗಿ..."

"ಎರಡು ಕಿಲೋ ಅಂದ್ರ ಎರಡು ಕಿಲೋನ ಅಂತ. ಮುಂದಿನ ತಿಂಗಳು ಬರ್ರಿ ಅಂದ್ರು. ಇಳದಿದ್ರ ಕೀಲಿ. ಇಲ್ಲಂದ್ರ ಮತ್ತ ಅದರ ಮುಂದಿನ ತಿಂಗಳು."

ಸ್ನಾನ ಮಾಡಿ ಬಂದು ಉಂಡರು. ಎರಡು ರೊಟ್ಟಿ. ಮೂರನೆಯದು ಬೇಕೆ ಅಂತ ನಾನು ಕೇಳಲಿಲ್ಲ. ಮೊದಲೆಲ್ಲ ಉಣ್ಣುವಾಗ ಕೈಯಲ್ಲಿ ತುತ್ತು ಹಿಡಿದೇ ತೂಕಡಿಸುತ್ತಿದ್ದವರು, ಈಗ ತಾಟು ಖಾಲಿಯಾಗುವ ತನಕ ಎಚ್ಚರವಿದ್ದರು. ಅದನ್ನು ಅವರೂ ಬಲ್ಲರು ಅಂತ ನನಗೆ ಅನುಮಾನ.

ಮಂಚದ ಮೇಲೆ ಕೂತು ಮುಖವಾಡ ಕೈಯಲ್ಲಿ ಹಿಡಿದರು. "ಅವತ್ತ ನೀ ಗೊತ್ತಿಲ್ಲ ಅಂದಿದ್ರ ನಿನ್ನಿ ರಾತ್ರಿ ನಾ ಗಾಡಿ ತಗೊಂಡು ಕರಾಡ ದಾಟಿರತಿದ್ದೆ" ಅಂದರು.

"ದಾಟಿರತಿದ್ರೋ ಏನೋ" ಅಂದೆ.

ಹೆದ್ದಾರಿಯಲ್ಲಿ ಒಂದು ಗಾಡಿ ಏರು ಹತ್ತಿತು. ತುಂಬಿದ್ದೋ ಖಾಲಿಯೋ ಅಂತ ಅವತ್ತು ಅವರು ಅನ್ನಲಿಲ್ಲ. ಕುತ್ತಿಗೆ ಬಗ್ಗಿಸಿದರು. ಕಟ್ಟಿದೆ. "ಬಿಗಿ ಆತು" ಅಂದರು. ಪಟ್ಟಿ ಒಂದಿಷ್ಟು ಸಡಿಲಿಸಿದೆ.

ಐದು ನಿಮಿಷಕ್ಕೆ ನಿದ್ದೆ. ಯಂತ್ರದ ಸಣ್ಣ ಸುಂಯ್ ಅನ್ನುವ ಸಪ್ಪಳ ಬಿಟ್ಟರೆ ಬೇರೆ ಏನಿಲ್ಲ. ನಾನು ಸರ ಹಿಡಿದು ಗೋಡೆಗೆ ಒರಗಿದೆ. ಉಸಿರು ನಿಂತರೆ ಎಣಿಸುತ್ತೇನೆ ಅಂತ ಬೆರಳು ಇನ್ನೂ ಕಾಯುತ್ತದೆ, ಈಗ ನಿಲ್ಲುವುದಿಲ್ಲ ಅಂತ ಅದಕ್ಕೆ ಯಾರೂ ಹೇಳಿಲ್ಲ. ಮಣಿ ಸರಿಯುತ್ತ ಸರಿಯುತ್ತ ನೂರಾ ಎಂಟೂ ಮುಗಿದು ಸರದ ತುದಿಯ ಮೇರುಮಣಿಗೆ ಬಂತು. ಅವರ ಉಸಿರು ಒಂದು ಸಲವೂ ಕಟ್ಟಲಿಲ್ಲ. ಅಂದಿನ ಉಪಕಾರ ಇದು ಅಂತ ಸರ ಕಣ್ಣಿಗೆ ಒತ್ತಿ ಮಾಡದಲ್ಲಿ ಇಟ್ಟೆ. ಬೇಡುವುದೂ ಒಂದಿತ್ತು. ಎರಡು ಕಿಲೋ.

ಸಂಜೆಯ ಬೇಳೆಗೆ ಕುಕ್ಕರ್ ಇಡಬಹುದಿತ್ತು. ಆ ಯಂತ್ರ ಹಚ್ಚಿದ ಮೇಲೆ ಸೀಟಿಗೆಲ್ಲ ಅವರು ಏಳುವುದಿಲ್ಲ. ಆದರೂ ಇಡಲಿಲ್ಲ. ಮೆಂತ್ಯದ ಸಿವುಡು ಬಿಚ್ಚಿ, ಮೊರ ಮುಂದಿಟ್ಟುಕೊಂಡು, ಎಲೆ ಸೋಸಲು ಕೂತೆ.